ಮಗುವಿಗೆ ಗಿನಿಪಿಗ್ಗೋ, ಹ್ಯಾಮ್‌ಸ್ಟರೋ? ಕೊಬ್ಬರಿ ಸೀಮೆಯ ಅಪ್ಪ-ಅಮ್ಮಂದಿರಿಗೆ 12 ಸೂತ್ರಗಳು

ಮಗ ಮೊಬೈಲಿನಲ್ಲಿ ಹ್ಯಾಮ್‌ಸ್ಟರ್ ನೋಡಿದ್ದಾನೆ. ಈಗ ಅವನಿಗೆ ಅದು ಬೇಕೇ ಬೇಕು. ‘ಅಟ್ಟದ ಮೇಲಿರೋ ಇಲಿ ಸಾಲ್ದೇನೋ ಮಗ?’ ಎಂದು ಅಜ್ಜಿ ಗದರುತ್ತಾರೆ. ತಿಪಟೂರಿನಲ್ಲಿ ಡ್ಯೂಟಿ ಮುಗಿಸಿ, ತೋಟಕ್ಕೆ ನೀರು ಬಿಟ್ಟು ನೀವು ಮನೆಗೆ ಬರುವಷ್ಟರಲ್ಲಿ ಇಬ್ಬರೂ ನಿಮ್ಮ ಬಾಯಿ ನೋಡುತ್ತಿರುತ್ತಾರೆ. ತೀರ್ಮಾನ ಕೊಡಿ. ‘ಆಮೇಲೆ ನೋಡೋಣ’ ಅನ್ನುವುದು ಒಂದು ಚಟ. ಇವತ್ತೇ ಬಿಡಿ.

ಆದರೆ ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಇದೆ, ಕಾಯಿಗೆ ಇಲಿ ಇದೆ, ಇಲಿಗೆ ಪಾಷಾಣ ಇದೆ, ಇಲಿಯ ಹಿಂದೆ ಬರುವ ಹಾವೂ ಇದೆ. ಅಂಗಡಿಯಲ್ಲಿ ಯಾವುದು ಮುದ್ದಾಗಿದೆ ಎಂದು ನೋಡಿ ಆರಿಸಬೇಡಿ. ನಿಮ್ಮ ಮನೆ ಯಾವುದನ್ನು ಬದುಕಿಸಬಲ್ಲದು ಎಂದು ನೋಡಿ ಆರಿಸಿ.

1. ಜವಾಬ್ದಾರಿಯನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಿ

ಪ್ರಾಣಿ ಮಗುವಿನದ್ದಲ್ಲ, ನಿಮ್ಮದು. ಮಗು ಅಸಿಸ್ಟೆಂಟ್. ಎಂಟು ವರ್ಷದ ಹುಡುಗಿ ಪರೀಕ್ಷೆ ವಾರದಲ್ಲಿ ಗೂಡು ತೊಳೆಯುವುದನ್ನು ಮರೆಯುತ್ತಾಳೆ, ಅದು ಸಹಜ. ಆ ವಾರವೂ ಗೂಡು ತೊಳೆದಿರಬೇಕಾದರೆ ದೊಡ್ಡವರೊಬ್ಬರು ಹೊಣೆ ಹೊತ್ತಿರಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಕೂಸಿದ್ದರೆ ಈಗ ಬೇಡ. ಆ ವಯಸ್ಸಿನ ಮಕ್ಕಳು ಮುಟ್ಟಿದ ಕೈಯನ್ನು ನೇರ ಬಾಯಿಗೆ ಹಾಕುತ್ತಾರೆ. ಇಂಥ ಪ್ರಾಣಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು.

2. ಒಂದು ತಿಂಗಳು ಖಾಲಿ ಗೂಡನ್ನು ಸಾಕಿ

ಗೂಡು ಮೊದಲು ತನ್ನಿ, ಪ್ರಾಣಿ ಆಮೇಲೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮಗು ನೀರಿನ ಬಾಟಲಿ ತೊಳೆದು ತುಂಬಿಸಲಿ, ಒಂದು ಹಿಡಿ ಹುಲ್ಲು ಕೊಯ್ದು ತಂದು ಇಡಲಿ, ಸಂಜೆ ಅದನ್ನು ತೆಗೆದು ಗುಡಿಸಲಿ. ಕ್ಯಾಲೆಂಡರಿನಲ್ಲಿ ಟಿಕ್ ಹಾಕಿಸಿ. ತಿಂಗಳು ಪೂರ್ತಿ ನಡೆದರೆ ಮಗು ರೆಡಿ. ನಡೆಯಲಿಲ್ಲವೇ? ಬೈಯಬೇಡಿ, ಮುಂದಿನ ತಿಂಗಳು ಮತ್ತೆ ಶುರು ಮಾಡಿ. ಇಷ್ಟಕ್ಕೆ ಗೂಡಿನ ಖರ್ಚು ಬಿಟ್ಟರೆ ನಿಮ್ಮ ಕಾಸು ಹೋಗುವುದಿಲ್ಲ, ಪ್ರಾಣಿಯ ಜೀವವೂ ಹೋಗುವುದಿಲ್ಲ.

3. ಪ್ರಾಣಿಯ ಟೈಂ ಟೇಬಲ್, ಮಗುವಿನ ಟೈಂ ಟೇಬಲ್ ಎರಡನ್ನೂ ಅಕ್ಕಪಕ್ಕ ಇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಹ್ಯಾಮ್‌ಸ್ಟರ್ ರಾತ್ರಿಯ ಪ್ರಾಣಿ. ಇವತ್ತು ಸಾಕುವ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಬಹುಪಾಲು 1930ರಲ್ಲಿ ಸಿರಿಯಾದ ಅಲೆಪ್ಪೋ ಬಳಿ ಹೊಲ ಅಗೆದು ಹಿಡಿದ ಒಂದು ತಾಯಿ ಮತ್ತು ಅದರ ಮರಿಗಳ ಸಂತತಿ. ಗೂಡಿನಲ್ಲಿ ಸಾಕಿದಾಗ ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಹೊರಬರುವುದು ಅದರ ಗುಣ. ಮಗು ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದು ಕೈ ಹಾಕಿ ಎಬ್ಬಿಸಿದರೆ ಅದು ಕಚ್ಚುತ್ತದೆ. ತಪ್ಪು ಅದರದ್ದಲ್ಲ. ರಾತ್ರಿ ಹತ್ತಕ್ಕೆ ಅದು ಚಕ್ರ ತಿರುಗಿಸಲು ಶುರು ಮಾಡುವಾಗ ಮಗು ನಿದ್ದೆಯಲ್ಲಿರುತ್ತದೆ. ಆಯುಸ್ಸು ಎರಡರಿಂದ ಮೂರು ವರ್ಷ. ಒಂಟಿಯಾಗಿಯೇ ಇಡಬೇಕು. ಎರಡು ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ಒಂದೇ ಗೂಡಿಗೆ ಹಾಕಿದರೆ ಸಾಯುವವರೆಗೂ ಕಾದಾಡಬಲ್ಲವು.

ಗಿನಿಪಿಗ್ ಇದಕ್ಕೆ ತದ್ವಿರುದ್ಧ. ಅದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಜನ ಸಾವಿರಾರು ವರ್ಷ ಮನೆಯೊಳಗೆ ಸಾಕಿಕೊಂಡು ಬಂದ ಪ್ರಾಣಿ. ಹಗಲಲ್ಲೂ ಎದ್ದು ಓಡಾಡುತ್ತದೆ, ಬೆಳಿಗ್ಗೆ ಮತ್ತು ಸಂಜೆ ಚುರುಕು. ಕಚ್ಚುವುದು ಅಪರೂಪ. ತೂಕ ಒಂದು ಕಿಲೋ ಆಜುಬಾಜು ಇರುವುದರಿಂದ ಮಗುವಿನ ಎರಡು ಕೈಗೆ ಸರಿಯಾಗಿ ಸಿಗುತ್ತದೆ, ಬೆರಳ ಸಂದಿಯಿಂದ ನುಸುಳಿ ಓಡುವುದಿಲ್ಲ. ಹುಲ್ಲು ತರುವ ಸದ್ದು ಕೇಳಿದರೆ ಶಿಳ್ಳೆ ಹೊಡೆದಂತೆ ಕೂಗಿ ಕರೆಯುತ್ತದೆ. ಐದರಿಂದ ಎಂಟು ವರ್ಷ ಬದುಕುತ್ತದೆ. ಅಂದರೆ ಈಗ ಮೂರನೇ ಕ್ಲಾಸಿನಲ್ಲಿರುವ ಮಗು ಎಸ್ಸೆಸ್ಸೆಲ್ಸಿಗೆ ಬಂದರೂ ಅದು ಮನೆಯಲ್ಲಿ ಇರಬಹುದು. ಅಷ್ಟು ದೂರ ಯೋಚಿಸಿ ಹೂಂ ಅನ್ನಿ.

ಏಳು ದಾಟಿದ ಮಗುವಿಗೆ ಗಿನಿಪಿಗ್ ತನ್ನಿ. ಹ್ಯಾಮ್‌ಸ್ಟರ್ ಬೇಕೇ ಬೇಕು ಎಂದರೆ ರಾತ್ರಿ ಓದುವ ಹೈಸ್ಕೂಲ್, ಪಿಯು ಹುಡುಗರಿರುವ ಮನೆಗೆ ಮಾತ್ರ.

4. ಒಂದು ಗಿನಿಪಿಗ್ ತರಬೇಡಿ, ಎರಡು ತನ್ನಿ

ಗಿನಿಪಿಗ್ ಗುಂಪಿನಲ್ಲಿ ಬಾಳುವ ಪ್ರಾಣಿ. ಒಂಟಿ ಮಾಡಿದರೆ ಕುಗ್ಗುತ್ತದೆ. ಎರಡೂ ಹೆಣ್ಣಾಗಿರಲಿ, ಇಲ್ಲವೇ ಜೊತೆಯಲ್ಲೇ ಬೆಳೆದ ಎರಡು ಗಂಡಾಗಿರಲಿ. ಹೆಣ್ಣು-ಗಂಡು ಜೋಡಿ ಖಂಡಿತಾ ಬೇಡ. ಗಂಡುಮರಿ ಮೂರು ವಾರಕ್ಕೇ ಬೀಜಕ್ಕೆ ಬರಬಲ್ಲದು, ಹೆಣ್ಣು ಒಂದು ತಿಂಗಳು ತುಂಬುವಷ್ಟರಲ್ಲಿ ಗಬ್ಬವಾಗಬಲ್ಲದು. ಆ ಮರಿಗಳಿಗೆಲ್ಲ ಮನೆ ಹುಡುಕುವುದು ಎಂಥ ಕಷ್ಟ ಎಂದು ಮೊದಲೇ ತಿಳಿದಿರಲಿ. ಗಂಡು-ಹೆಣ್ಣಿನ ಗುರುತನ್ನು ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ. ಪಶುವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

5. ಅಜ್ಜಿಯ ಭಯಕ್ಕೆ ಗೌರವ ಕೊಡಿ

ಹ್ಯಾಮ್‌ಸ್ಟರ್ ಬದಲು ಬಿಳಿ ಇಲಿ ತಂದರೆ? ಅದು ಬುದ್ಧಿವಂತ ಪ್ರಾಣಿ, ಹೆಸರು ಕರೆದರೆ ಬರುವಷ್ಟು ಕಲಿಯುತ್ತದೆ. ಹೊರದೇಶಗಳಲ್ಲಿ ಮಕ್ಕಳಿಗೆ ಇದೇ ಒಳ್ಳೆಯದು ಎನ್ನುವವರು ಬಹಳ. ಆದರೂ ಕೊಬ್ಬರಿ ಅಟ್ಟದ ಮನೆಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ನಮ್ಮ ಹಿರಿಯರು ಪ್ಲೇಗಿನ ಕಾಲದ ಕಥೆ ಕೇಳಿ ಬೆಳೆದವರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರು ಸೀಮೆಯಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಹಾಗೆ ಮಾಡಿತ್ತು. ಇಲಿ ಬಿದ್ದು ಸತ್ತರೆ ಮನೆ ಖಾಲಿ ಮಾಡಬೇಕೆಂದು ಕಲಿತವರಿಗೆ ಇಲಿ ಮುದ್ದಾಡುವುದನ್ನು ತೋರಿಸಿ ಒಪ್ಪಿಸಲು ಹೋಗಬೇಡಿ. ಇನ್ನೊಂದು ಕಾರಣ ಇನ್ನೂ ಗಟ್ಟಿ. ಅಟ್ಟದ ಇಲಿಯ ಉಚ್ಚೆಯಿಂದ ಇಲಿಜ್ವರದ ರೋಗಾಣು ಸಾಕಿದ ಇಲಿಗೆ ದಾಟಬಹುದು, ಅಲ್ಲಿಂದ ಮಗುವಿಗೆ. ಗಿನಿಪಿಗ್ ಕೂಡ ಇಲಿಯ ಬಳಗವೇ, ಆದರೆ ಬಾಲವಿಲ್ಲ, ನೋಡಲು ಮೊಲದಂತೆ. ಅಜ್ಜಿಯೇ ಮೊದಲು ಹುಲ್ಲು ಹಾಕುತ್ತಾರೆ.

6. ತೋಟದ ಪ್ರಾಣಿಯನ್ನು ಗೂಡಿಗೆ ಹಾಕಬೇಡಿ

ಒಣಗರಿ ಬಿದ್ದಾಗ ಅಳಿಲಿನ ಗೂಡೂ ಬೀಳುತ್ತದೆ, ಮರಿ ಸಿಗುತ್ತದೆ. ಸಾಕಲು ಆಸೆಯಾಗುತ್ತದೆ. ಬೇಡ. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಮರಿಯನ್ನು ಇಟ್ಟು, ಅದೇ ಮರದ ಬುಡದ ನೆರಳಿನಲ್ಲಿ ಬಿಟ್ಟು ದೂರ ನಿಂತು ನೋಡಿ. ಬೆಕ್ಕು, ನಾಯಿ ಹತ್ತಿರ ಬಾರದಂತೆ ಕಾಯಿರಿ. ತಾಯಿ ಬಂದು ಕಚ್ಚಿಕೊಂಡು ಹೋಗುವ ಸಾಧ್ಯತೆ ಹೆಚ್ಚು. ಕಾಡುಮೊಲ ಹಿಡಿಯುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

7. ಮನೆಯ ಪಾಷಾಣವನ್ನು ಆಡಿಟ್ ಮಾಡಿ

ಈ ಒಂದು ಸೂತ್ರ ಬಿಟ್ಟರೆ ಉಳಿದ ಹನ್ನೊಂದೂ ವ್ಯರ್ಥ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರಿ ಉಂಡೆ ಕೊಬ್ಬರಿ ಅಲುಗಾಡುವ ತನಕ ಹತ್ತು-ಹನ್ನೊಂದು ತಿಂಗಳು ಕಾಯುತ್ತೇವೆ. ಅಷ್ಟೂ ತಿಂಗಳು ಇಲಿಯ ಜೊತೆ ಯುದ್ಧ. ಮರದ ಸುಳಿಯಲ್ಲೂ ಇಲಿ, ಎಳೆಗಾಯಿಯ ತೊಟ್ಟಿನ ಹತ್ತಿರ ತೂತು ಕೊರೆದು ಉದುರಿಸುತ್ತದೆ. ಅದಕ್ಕೇ ಬ್ರೋಮಾಡಿಯೋಲೋನ್ ಬಿಲ್ಲೆ ಇಡುತ್ತೇವೆ. ಈ ಔಷಧ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಓಡಾಡುತ್ತದೆ, ಬಿಲ್ಲೆಯನ್ನು ಕಚ್ಚಿಕೊಂಡು ಹೋಗಿ ಬೇರೆ ಕಡೆ ಕೂಡಿಡುತ್ತದೆ. ಅದು ಎಲ್ಲಿ ಬೀಳುತ್ತದೋ ಹೇಳಲಾಗದು. ಗೂಡಿನ ಮೇಲೇ ಬೀಳಬಹುದು.

ಹೀಗೆ ಮಾಡಿ. ಗೂಡಿರುವ ಕೋಣೆಯಲ್ಲಿ, ಅದರ ಮೇಲಿನ ಅಟ್ಟದಲ್ಲಿ ಪಾಷಾಣ ಇಡಬೇಡಿ. ಅಲ್ಲಿಗೆ ಬೋನು ಸಾಕು. ತೋಟದಲ್ಲಿ ಮರದ ಕಾಂಡಕ್ಕೆ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ತಗಡು ಸುತ್ತಿಸಿ, ಇಲಿ ಜಾರಿ ಬೀಳುತ್ತದೆ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಮಾತ್ರ ಈ ಉಪಾಯ ನಡೆಯದು, ಅಲ್ಲಿಂದ ದಾಟಿ ಬರುತ್ತದೆ. ಹಳದಿ ರಂಜಕವಿರುವ ಇಲಿ ಪೇಸ್ಟ್ ಮನೆಯಲ್ಲಿದ್ದರೆ ಪ್ರಾಣಿ ತರಲಿ ಬಿಡಲಿ, ಇವತ್ತೇ ಹೊರಹಾಕಿ. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಎಂಬ ಪ್ರತ್ಯೌಷಧವಾದರೂ ಇದೆ. ಈ ಪೇಸ್ಟಿಗೆ ಅಂಥದ್ದೇನೂ ಇಲ್ಲ. ಅದು ಮಕ್ಕಳಿರುವ ಮನೆಯಲ್ಲಿ ಇರಬೇಕಾದ ವಸ್ತುವೇ ಅಲ್ಲ.

8. ಗೂಡಿಗೆ ಮನೆಯ ಅತಿ ತಂಪಾದ ಜಾಗ ಕೊಡಿ

ಎರಡು ಗಿನಿಪಿಗ್‌ಗೆ ಕಡಿಮೆಯೆಂದರೂ 7.5 ಚದರ ಅಡಿ ನೆಲ ಬೇಕು, ಅಂದರೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ತಳ ಗಟ್ಟಿಯಾಗಿರಲಿ. ತಂತಿ ತಳದ ಮೇಲೆ ನಿಂತು ನಿಂತು ಪಾದ ಹುಣ್ಣಾಗುತ್ತದೆ. ಗಿನಿಪಿಗ್‌ಗೆ 18ರಿಂದ 24 ಡಿಗ್ರಿ ಹಿತ. 30 ದಾಟಿದರೆ ಪ್ರಾಣಕ್ಕೇ ಕುತ್ತು. ಶೀಟ್ ಮನೆಯಲ್ಲಿ, ತಾರಸಿಯ ಮೇಲೆ, ವರಾಂಡದ ಬಿಸಿಲಲ್ಲಿ ಇಡಲೇಬೇಡಿ. ಹಳೇ ಮಣ್ಣುಗೋಡೆ ಹೆಂಚಿನ ಮನೆಯ ನಡುಮನೆ ಶ್ರೇಷ್ಠ.

ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿಸಿ, ಮೇಲೆ ಮುಚ್ಚಳ ಇರಲಿ, ಚಿಲಕ ಇರಲಿ. ತೋಟದ ಮನೆಗೆ ಕೇರೆಹಾವು, ನಾಗರಹಾವು ಬರುವುದು ಇಲಿಯ ವಾಸನೆ ಹಿಡಿದೇ. ಹಾಗಾಗಿ ಈ ಜಾಲರಿ ನಿಮ್ಮ ಮಗುವಿನ ರಕ್ಷಣೆಗೂ ಬೇಕು. ರಾತ್ರಿ ಟಾರ್ಚ್ ಇಲ್ಲದೆ ಗೂಡಿಗೆ ಕೈ ಹಾಕುವುದನ್ನು ಮನೆಯಲ್ಲಿ ಎಲ್ಲರಿಗೂ ನಿಷೇಧಿಸಿ. ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸಿ.

9. ಹುಲ್ಲು ಧಾರಾಳ, ಕೊಬ್ಬರಿ ಬಂದ್

ಇಲ್ಲಿ ನೀವು ಸಿಟಿಯವರಿಗಿಂತ ಮುಂದೆ ಇದ್ದೀರಿ. ಅವರು ಪ್ಯಾಕೆಟ್ ಹುಲ್ಲನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ನಿಮ್ಮ ಬದುವಿನಲ್ಲೇ ಗರಿಕೆ ಇದೆ. ಗಿನಿಪಿಗ್‌ನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ನಾರಿನ ಹುಲ್ಲು ಜಗಿದರೆ ಮಾತ್ರ ಸವೆಯುತ್ತದೆ. ಕಳೆನಾಶಕ ಹೊಡೆದ ತೋಟದ ಹುಲ್ಲು ಬೇಡ. ಬೂಷ್ಟು ಹಿಡಿದ ರಾಗಿಹುಲ್ಲು ಬೇಡ. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗೆ ಸರಿ, ದೊಡ್ಡದಕ್ಕೆ ದಿನಾ ಹಾಕಿದರೆ ಸುಣ್ಣದಂಶ ಹೆಚ್ಚಿ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು.

ನಮ್ಮಂತೆಯೇ ಗಿನಿಪಿಗ್‌ನ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು, ಆಗಾಗ ಸಣ್ಣ ಚೂರು ಸೀಬೆಹಣ್ಣು ಕೊಡಿ. ಕೊಬ್ಬರಿ ಚೂರು ಮಾತ್ರ ಪ್ರೀತಿಗೂ ಹಾಕಬೇಡಿ. ಕೊಬ್ಬರಿಯಲ್ಲಿ 60 ಪರ್ಸೆಂಟಿಗೂ ಹೆಚ್ಚು ಎಣ್ಣೆ ಇದೆ. ಹುಲ್ಲಿಗೆ ಹೊಂದಿಕೊಂಡ ಹೊಟ್ಟೆ ಅದನ್ನು ತಡೆಯದು. ಹಸುವಿನ ಹಿಂಡಿ-ಬೂಸಾ, ಈರುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟ್ ಇವೂ ಬೇಡ. ತೆಂಗಿನ ಚಿಪ್ಪನ್ನು ಎಸೆಯಬೇಡಿ. ಅಂಚು ಉಜ್ಜಿ ನುಣುಪು ಮಾಡಿ, ಬಾಗಿಲು ಕೊರೆದರೆ ಹ್ಯಾಮ್‌ಸ್ಟರ್‌ಗೆ ಮಲಗುವ ಮನೆ ಆಯಿತು.

10. ಪ್ರತಿ ಭಾನುವಾರ ತೂಕ ಹಾಕಿಸಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಬುಟ್ಟಿ, ಒಂದು ನೋಟ್‌ಬುಕ್. ಮಗುವೇ ತೂಕ ಬರೆದು ಗ್ರಾಫ್ ಎಳೆಯಲಿ. ಇಲಿ ಬಳಗದ ಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ನಿಮ್ಮ ಕಣ್ಣಿಗೆ ಕಾಣುವ ಮೊದಲೇ ಗ್ರಾಫ್ ಕೆಳಗೆ ಇಳಿದಿರುತ್ತದೆ. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ಎತ್ತಿಕೊಳ್ಳುವಾಗ ಮಗು ನೆಲದ ಮೇಲೆ ಕುಳಿತಿರಬೇಕು, ಎತ್ತರದಿಂದ ಬಿದ್ದರೆ ಗಿನಿಪಿಗ್‌ನ ಮೂಳೆ ಮುರಿಯುತ್ತದೆ. ಮಗುವಿನ ಮೈಮೇಲೆ ದುಂಡಗೆ ಕಜ್ಜಿ ಕಂಡರೆ ಹುಳುಕಡ್ಡಿ ಇರಬಹುದು, ಮಗುವಿಗೂ ಪ್ರಾಣಿಗೂ ಚಿಕಿತ್ಸೆ ಕೊಡಿಸಿ.

11. ಡಾಕ್ಟರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ

ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ‘ಗಿನಿಪಿಗ್ ನೋಡ್ತೀರಾ ಸರ್?’ ಎಂದು ನೇರವಾಗಿ ಕೇಳಿ. ಇಲ್ಲವೆಂದರೆ ಹಾಸನ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಒಂದು ದಿನ ಮೇವು ಬಿಟ್ಟ ಗಿನಿಪಿಗ್ ಎಮರ್ಜೆನ್ಸಿ, ನಾಳೆ ನೋಡೋಣ ಅನ್ನುವಂತಿಲ್ಲ. ಮನೆಯಲ್ಲಿ ಉಳಿದ ಮಾತ್ರೆ ಅರೆದು ಹಾಕುವ ಅಭ್ಯಾಸ ಇಲ್ಲಿ ಕೊಲೆಗೆ ಸಮ. ನಾವು ಸಲೀಸಾಗಿ ನುಂಗುವ ಅಮಾಕ್ಸಿಸಿಲಿನ್ ಮತ್ತು ಪೆನ್ಸಿಲಿನ್ ಬಳಗದ ಮಾತ್ರೆಗಳು ಗಿನಿಪಿಗ್, ಹ್ಯಾಮ್‌ಸ್ಟರ್ ಎರಡರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು ಪ್ರಾಣ ತೆಗೆಯುತ್ತವೆ.

12. ನೋಂದಣಿ ಪತ್ರ ಕೇಳಿ, ಬೇಸಿಗೆ ದಾಟಿಸಿ ತನ್ನಿ

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯಲ್ಲಿಟ್ಟು ಮಾರುವವರ ಬಳಿ ಕೊಳ್ಳಬೇಡಿ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಗಿನಿಪಿಗ್, ಹ್ಯಾಮ್‌ಸ್ಟರ್, ಮೊಲ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಅನ್ನಲು ಸಂಕೋಚಪಡಬೇಡಿ, ಅದು ನಿಮ್ಮ ಹಕ್ಕು. ಕಣ್ಣಿನಲ್ಲಿ ಗೀಜು, ಮೂಗಿನಲ್ಲಿ ಸಿಂಬಳ, ಹಿಂಬದಿಯಲ್ಲಿ ಒದ್ದೆ ಇದ್ದರೆ ಕನಿಕರಪಟ್ಟು ತರಬೇಡಿ. ಅಂಥದ್ದು ಮನೆಗೆ ಬಂದ ವಾರದಲ್ಲೇ ಸತ್ತು ಮಗುವನ್ನು ಅಳಿಸುತ್ತದೆ.

ಮಾರ್ಚ್‌ನಿಂದ ಮೇ ತನಕ ತರಬೇಡಿ. ಬೆಂಗಳೂರಿನಿಂದ ತಿಪಟೂರಿಗೆ ಮಧ್ಯಾಹ್ನದ ಬಸ್ಸಿನಲ್ಲಿ ರಟ್ಟಿನ ಡಬ್ಬಿಯೊಳಗೆ ಕುಳಿತು ಬರುವ ಗಿನಿಪಿಗ್‌ಗೆ ಆ ಪ್ರಯಾಣವೇ ಕೊನೆಯಾಗಬಹುದು. ಜೂನ್‌ನಲ್ಲಿ ಶಾಲೆ ಶುರುವಾಗಿ, ಎರಡು ಮಳೆ ಬಿದ್ದು, ಮನೆ ತಂಪಾದ ಮೇಲೆ ಬೆಳಗಿನ ಹೊತ್ತು ಹೋಗಿ ಕರೆದುಕೊಂಡು ಬನ್ನಿ. ಮೊದಲ ಮೂರು ದಿನ ಯಾರೂ ಎತ್ತಿಕೊಳ್ಳಬೇಡಿ. ಹುಲ್ಲು, ನೀರು ಇಟ್ಟು ಪಕ್ಕದಲ್ಲಿ ಕುಳಿತು ಮಾತಾಡುತ್ತಿರಿ, ಅದು ನಿಮ್ಮ ದನಿ ಕಲಿಯಲಿ.