ಕೊರಳಿನ ಗುರಾಣಿ ಗ್ರಂಥಿ

ನಮ್ಮ ವಾಚನಾಲಯದ ಮೇಜಿನ ಮೇಲೆ ಈಚೆಗೆ ಪತ್ರಿಕೆಗಳಿಗಿಂತ ರಕ್ತಪರೀಕ್ಷೆಯ ಕಾಗದಗಳೇ ಹೆಚ್ಚು ಎಂದು ತಮಾಷೆ ಮಾಡುವವರುಂಟು. ಓದಬಲ್ಲವನೆಂದು ಕೆಲವರು ಅವನ್ನು ನನ್ನ ಮುಂದೆ ಹಿಡಿಯುತ್ತಾರೆ. ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಆದರೆ ಥೈರಾಯ್ಡ್ ಎಂಬ ಒಂದು ವಿಷಯವನ್ನು ಮಾತ್ರ ಹಟ ಹಿಡಿದು ಓದಿಕೊಂಡಿದ್ದೇನೆ. ಅದಕ್ಕೆ ಕಾರಣ ನನ್ನ ಮನೆಯಲ್ಲೇ ಇತ್ತು.

ಮೇ ತಿಂಗಳ ಸೆಕೆಯಲ್ಲಿ ಇಡೀ ಮಲಾಡ್ ಬೆವರಿನಲ್ಲಿ ತೊಯ್ಯುತ್ತಿರುವಾಗ ನನ್ನ ಮನೆಯಾಕೆ ಪಂಖ ನಿಲ್ಲಿಸಿ ಕಂಬಳಿ ಹೊದೆದು ಮಲಗುತ್ತಿದ್ದಳು. ಎರಡನೆಯ ಪಾಳಿ ಮುಗಿಸಿ ಬಂದ ನಾನು ಪಂಖ ಹಾಕುವುದು, ಅವಳು ಆರಿಸುವುದು, ಜಗಳವಾಗುವುದು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಏಳಲಾರಳು. ಕೂದಲು ಉದುರಿತು, ಮುಖ ಊದಿಕೊಂಡಿತು, ದನಿ ಒರಟಾಯಿತು, ಮಲಬದ್ಧತೆ, ಮರೆವು. ಇವೆಲ್ಲಕ್ಕೂ ನಾನು ಇಟ್ಟ ಹೆಸರು ಸೋಮಾರಿತನ. ಊರಿನಿಂದ ಬಂದ ನನ್ನ ತಾಯಿಯೂ ಅದನ್ನೇ ಅಂದರು. ಹೀಗೆ ಒಂದು ವರ್ಷ ಕಳೆಯಿತು. ಕಡೆಗೆ ಅವಳ ಅಣ್ಣ ಬಂದು ನೋಡಿ, "ಭಾವಾ, ನಮ್ಮ ತಂಗಿ ಹೀಗಿರಲಿಲ್ಲ, ಇದು ಏನೋ ಕಾಯಿಲೆ" ಎಂದು ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಒಂದೇ ಒಂದು ರಕ್ತಪರೀಕ್ಷೆ ಸಂಗತಿಯನ್ನು ಹೇಳಿಬಿಟ್ಟಿತು.

ಈ ಗ್ರಂಥಿ ಇರುವುದು ಕೊರಳಿನಲ್ಲಿ, ಗಂಟಲಮಣಿಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು. ಆಕಾರ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ, ತೂಕ ಸುಮಾರು 20 ಗ್ರಾಂ. ಗುರಾಣಿ ಎಂಬರ್ಥದ ಗ್ರೀಕ್ ಮಾತಿನಿಂದ ಇದಕ್ಕೆ ಆ ಹೆಸರು ಬಂದಿದೆ, ಆದ್ದರಿಂದ ನಾವು ಗುರಾಣಿ ಗ್ರಂಥಿ ಎನ್ನಬಹುದು. ಜೊಲ್ಲಿನ ಗ್ರಂಥಿಗಿರುವಂತೆ ಇದಕ್ಕೆ ನಾಳವಿಲ್ಲ. ತಾನು ತಯಾರಿಸಿದ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಇಂಥ ರಸಕ್ಕೆ ಹಾರ್ಮೋನು ಎಂದು ಹೆಸರು. ಟಿ-4, ಟಿ-3 ಎಂದು ಕಾಗದದಲ್ಲಿ ಕಾಣುವುದು ಇವೇ. ಆ ಅಂಕೆಗಳು ಒಂದೊಂದು ಅಣುವಿನೊಳಗೆ ಇರುವ ಅಯೋಡಿನ್ ಪರಮಾಣುಗಳ ಲೆಕ್ಕ. ಉಂಡ ಅನ್ನ ಎಷ್ಟು ವೇಗದಲ್ಲಿ ಶಾಖವೂ ಶಕ್ತಿಯೂ ಆಗಬೇಕು, ಎದೆ ಎಷ್ಟು ಬಡಿಯಬೇಕು, ಕರುಳು ಎಷ್ಟು ಚುರುಕಾಗಿರಬೇಕು ಎಂಬುದಕ್ಕೆಲ್ಲ ಇವುಗಳ ಅಪ್ಪಣೆ ಬೇಕು. ಬಾಯ್ಲರಿನ ಬೆಂಕಿ ತಗ್ಗಿದರೆ ಗಿರಣಿಯ ಯಾವ ಖಾತೆ ತಾನೇ ಸರಿಯಾಗಿ ನಡೆದೀತು?

ಇನ್ನು ಬಹಳ ಜನ ಮೋಸಹೋಗುವ ಸಂಗತಿ. ಕಾಗದದಲ್ಲಿ ಟಿ.ಎಸ್.ಎಚ್. ಹೆಚ್ಚಿದೆಯೆಂದು ಕಂಡರೆ ಥೈರಾಯ್ಡ್ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ನಿಜವಾದದ್ದು ಅದರ ತಲೆಕೆಳಗು. ಟಿ.ಎಸ್.ಎಚ್. ಹುಟ್ಟುವುದು ಕೊರಳಿನಲ್ಲಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಅದು ಜಾಬರನಿದ್ದ ಹಾಗೆ. ಕೆಲಸಗಾರ ಸರಿಯಾಗಿ ಮಾಲು ತೆಗೆಯುತ್ತಿದ್ದರೆ ಜಾಬರನ ಕೂಗು ಮೆತ್ತಗೆ. ಮಾಲು ಕಡಿಮೆಯಾದಂತೆ ಕೂಗು ಜೋರು. ಕೂಗು ಜೋರಾಗಿದೆಯೆಂದರೆ ಮಾಲು ಕಡಿಮೆಯಾಗಿದೆ ಎಂದೇ ತಿಳಿಯಬೇಕು. ಟಿ.ಎಸ್.ಎಚ್. ಸುಮಾರು 0.4ರಿಂದ 4ರವರೆಗೆ ಇದ್ದರೆ ಸಾಮಾನ್ಯ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಸ್ವಲ್ಪ ವ್ಯತ್ಯಾಸವಿರುತ್ತದೆ, ಗರ್ಭಿಣಿಯರ ಲೆಕ್ಕವೇ ಬೇರೆ.

ಗ್ರಂಥಿ ಸೋಲುವುದೇಕೆ? ಒಂದು ಕಾಲಕ್ಕೆ ದೊಡ್ಡ ಕಾರಣ ಅಯೋಡಿನ್ನಿನ ಕೊರತೆ. ಕಚ್ಚಾ ಮಾಲು ಸಿಗದ ಗ್ರಂಥಿ ದುಡಿದು ದುಡಿದು ಊದಿಕೊಳ್ಳುತ್ತದೆ, ಅದೇ ಗಳಗಂಡ. ಮಳೆ ಹೆಚ್ಚು ಬಿದ್ದು ಮಣ್ಣು ತೊಳೆದುಹೋಗುವ ಗುಡ್ಡಗಾಡುಗಳಲ್ಲಿ ಇದು ಜಾಸ್ತಿ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಇತ್ತು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಕೊಟ್ಟು ನೋಡಿದರು. ಕೆಲವು ವರ್ಷಗಳಲ್ಲಿ ಮೊದಲಿನ ಎರಡು ಭಾಗಗಳಲ್ಲಿ ಗಳಗಂಡ ಇಳಿಯಿತು. ಆಮೇಲೆ ಮೂರನೆಯದಕ್ಕೂ ಆ ಉಪ್ಪನ್ನೇ ಕೊಟ್ಟರು. 1962ರಲ್ಲಿ ಸರಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ತೊಡಗಿತು.

"ನಾವು ಕಡಲ ದಂಡೆಯವರು, ನಮಗೇಕೆ ಆ ಉಪ್ಪು?" ಎಂದು ಒಬ್ಬ ಮಿತ್ರರು ಕೇಳಿದರು. ವಿರಾರ್ ಗಾಡಿಯಲ್ಲಿ ಹೋಗುವಾಗ ಭಾಯಂದರದ ಉಪ್ಪಿನ ಗದ್ದೆ ನೋಡಿದವರಿಗೆ ಹಾಗೆ ತೋರುವುದು ಸಹಜ. ಆದರೆ ಒಂದು ಲೀಟರ್ ಕಡಲ ನೀರಿನಲ್ಲಿ ಅಯೋಡಿನ್ ಇರುವುದು ಸುಮಾರು 50-60 ಮೈಕ್ರೋಗ್ರಾಂ ಮಾತ್ರ, ಉಪ್ಪು ಹರಳುಗಟ್ಟುವಾಗ ಅದರಲ್ಲೂ ಬಹುಪಾಲು ಉಳಿಯುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150. ಕಲ್ಲುಪ್ಪೇ ಶುದ್ಧವೆಂದು ಹುಡುಕಿ ತರುವವರು ಈ ಲೆಕ್ಕ ನೋಡಬೇಕು.

ಆದರೆ ಈಗ ನಮ್ಮ ನಡುವೆ ಹೆಚ್ಚಾಗಿ ಕಾಣುವ ಕಾರಣ ಬೇರೆ. ರೋಗಗಳೊಡನೆ ಹೋರಾಡಬೇಕಾದ ದೇಹದ ಕಾವಲು ಪಡೆಯೇ ಈ ಗ್ರಂಥಿಯ ಮೇಲೆ ಏರಿಹೋಗುತ್ತದೆ. 1912ರಲ್ಲಿ ಇದನ್ನು ವರ್ಣಿಸಿದ ಜಪಾನೀ ವೈದ್ಯ ಹಾಶಿಮೋಟೊ ಅವರ ಹೆಸರಿನಿಂದಲೇ ಈ ರೋಗವನ್ನು ಕರೆಯುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಇದಕ್ಕೆ ಉಪ್ಪು ಹೆಚ್ಚು ತಿಂದು ಪ್ರಯೋಜನವಿಲ್ಲ. ಗ್ರಂಥಿ ಕೊಡಲಾರದ ಟಿ-4 ಅನ್ನು ಗುಳಿಗೆಯಾಗಿ ಕೊಡುವುದೇ ಉಪಾಯ. 1891ರಲ್ಲಿ ಇಂಗ್ಲೆಂಡಿನ ಡಾ. ಮರ್ರೆ ಕುರಿಯ ಗ್ರಂಥಿಯ ರಸ ಕೊಟ್ಟು ಒಬ್ಬ ಹೆಂಗಸನ್ನು ಬದುಕಿಸಿದರು, ಆಕೆ ಆಮೇಲೆ 28 ವರ್ಷ ಬಾಳಿದಳು. ಈಗ ಕುರಿ ಬೇಡ, ಅದನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ.

ಗ್ರಂಥಿ ಅತಿಯಾಗಿ ದುಡಿಯುವುದೂ ಉಂಟು. ಆಗ ಮೈ ಇಳಿಯುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಸೆಕೆ ತಡೆಯದು. ಇದಕ್ಕೆ ಬೇರೆ ಗುಳಿಗೆಗಳಿವೆ, ಶಸ್ತ್ರಚಿಕಿತ್ಸೆಯಿದೆ, ವಿಕಿರಣಶೀಲ ಅಯೋಡಿನ್ ಕುಡಿಸುವ ಕ್ರಮವೂ ಇದೆ. ಅಣುಶಕ್ತಿ ಇಲಾಖೆಯವರು 1963ರಲ್ಲಿ ನಮ್ಮ ಪರೇಲಿನಲ್ಲೇ ಇದಕ್ಕಾಗಿ ವಿಕಿರಣ ವೈದ್ಯ ಕೇಂದ್ರವನ್ನು ತೆರೆದರು. ಗರ್ಭಿಣಿಯರಿಗೆ ಈ ಕೊನೆಯ ಕ್ರಮ ಕೂಡದು.

ಗುಳಿಗೆಯ ವಿಷಯ ಹೇಳಲೇಬೇಕು, ಏಕೆಂದರೆ ನಾವು ಅದರಲ್ಲೂ ತಪ್ಪಿದೆವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಹಾ, ತಿಂಡಿ ಮುಟ್ಟಬಾರದು. ಕಬ್ಬಿಣದ, ಸುಣ್ಣದ ಗುಳಿಗೆಗಳಿದ್ದರೆ ನಾಲ್ಕು ಗಂಟೆ ಅಂತರವಿರಬೇಕು. ನಮ್ಮ ಮನೆಯಾಕೆ ನಾಲ್ಕು ತಿಂಗಳಲ್ಲಿ ಗುಣವಾದಳು. "ಇನ್ನೇಕೆ ಖರ್ಚು" ಎಂದು ನಾವಿಬ್ಬರೂ ಸೇರಿ ಗುಳಿಗೆ ನಿಲ್ಲಿಸಿದೆವು. ಮಳೆಗಾಲ ಮುಗಿಯುವುದರೊಳಗೆ ಕಂಬಳಿ ಹೊರಗೆ ಬಂತು, ಮತ್ತೆ ಆಕೆ ಬಸುರಿಯೂ ಆಗಿದ್ದಳು. ಡಾಕ್ಟರು ನನ್ನನ್ನು ನಿಲ್ಲಿಸಿ ಬೈದರು. ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಕೂಸಿಗೆ ಸ್ವಂತ ಹಾರ್ಮೋನು ಇರುವುದಿಲ್ಲ, ತಾಯಿಯದರಿಂದಲೇ ಅದರ ಮಿದುಳು ಬೆಳೆಯಬೇಕು. ಆದ್ದರಿಂದ ಗುಳಿಗೆ ತೆಗೆದುಕೊಳ್ಳುವ ಹೆಂಗಸು ಬಸುರಿಯೆಂದು ತಿಳಿದ ದಿನವೇ ಡಾಕ್ಟರಿಗೆ ಹೇಳಬೇಕು. ಸಾಧಾರಣವಾಗಿ ಪ್ರಮಾಣ ಏರಿಸಬೇಕಾಗುತ್ತದೆ. ಹುಟ್ಟಿದ ಮಗುವಿಗೂ ಮೊದಲ ದಿನಗಳಲ್ಲೇ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಈ ಪರೀಕ್ಷೆ ಮಾಡಿಸಬಹುದು. ಕೊರತೆಯಿದ್ದು ಎರಡು ವಾರದೊಳಗೆ ಗುಳಿಗೆ ಶುರುವಾದರೆ ಮಗುವಿನ ಬುದ್ಧಿ ಉಳಿಯುತ್ತದೆ, ತಿಂಗಳುಗಟ್ಟಲೆ ತಡವಾದರೆ ಹೋದದ್ದು ಮರಳಿ ಬರುವುದಿಲ್ಲ.

ನಮ್ಮ ಮಗಳಿಗೂ ಪರೀಕ್ಷೆ ಮಾಡಿಸಿದೆವು. ಆ ಕಾಗದ ಬರುವವರೆಗೆ ನಾಲ್ಕು ದಿನ ನನಗೆ ಹಾಜರಿ ಪುಸ್ತಕದ ಕೂಡಿಕೆ ತಾಳೆಯಾಗಲಿಲ್ಲ. ಲೆಕ್ಕ ಸರಿಯಾಗಿತ್ತು. ಈಗ ಗುಳಿಗೆಯ ಸೀಸೆ ಗಡಿಯಾರದ ಪಕ್ಕದಲ್ಲಿದೆ, ಪಂಖ ಹಾಕೆಂದು ಅವಳೇ ಹೇಳುತ್ತಾಳೆ.