ಜಾಂಬೋಟಿ ದಾರಿ ಹಿಡಿಯುವ ಮುನ್ನ

ಹಳೆಯ ಹೀರೊ ಇಂಪಲ್ಸ್‌ಗೆ ಬೇರೆ ಕಾರ್ಬುರೇಟರ್ ಕೂರಿಸಲು ಬೆಳಗಾವಿಯ ಆಟೋ ನಗರಕ್ಕೆ ಹೊರಟಿದ್ದೀರಾ? ಒಂದು ಮಾತು ಕೇಳಿ. ಬಾಯಿ ದೊಡ್ಡದಾದಷ್ಟೂ ಬಲ ಹೆಚ್ಚೆಂದು ನಂಬಬೇಡಿ. 150 ಸಿಸಿ ಎಂಜಿನ್‌ಗೆ ಅತಿ ದೊಡ್ಡ ಬಾಯಿಯದನ್ನು ಹಾಕಿದರೆ ಕಡಿಮೆ ವೇಗದಲ್ಲಿ ಗಾಳಿಯ ಸೆಳೆತ ಕುಗ್ಗಿ, ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಕೆಸರಿನ ಏರಿನಲ್ಲಿ ನಮಗೆ ಬೇಕಾದದ್ದು ಆ ನಿಧಾನದ ಎಳೆತವೇ. ಕಂಪನಿ ಕೊಟ್ಟ ಅಳತೆಗೆ ಹತ್ತಿರದ್ದೇ ಸಾಕು. ಅದರ ಜೆಟ್‌ಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಟ್ಯೂನಿಂಗ್‌ಗೆ ಮುಂಚೆ ಏರ್ ಫಿಲ್ಟರ್ ಸ್ವಚ್ಛ ಮಾಡಿಸಿ, ಮ್ಯಾನಿಫೋಲ್ಡ್ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಫ್ಲೋಟ್ ಮಟ್ಟ ಹೆಚ್ಚಿದ್ದರೆ ಗಾಡಿ ವಾಲಿದಾಗಲೆಲ್ಲ ಪೆಟ್ರೋಲ್ ಸೋರುತ್ತದೆ. ಎಂಜಿನ್ ಕಾದ ಮೇಲಷ್ಟೇ ಐಡ್ಲಿಂಗ್ ಮುಟ್ಟಿ. ಅರ್ಧ ಆಕ್ಸಿಲರೇಟರ್‌ನಲ್ಲಿ ತಡವರಿಸಿದರೆ ನೀಡಲ್ ಕ್ಲಿಪ್ ನೋಡಬೇಕು, ಪೂರ್ತಿ ತಿರುವಿದಾಗ ಉಸಿರು ಕಟ್ಟಿದರೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣವಿದ್ದರೆ ಹದ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಾಗಿದ್ದರೆ ಮಾತ್ರ ಕಾಡಿನ ದಾರಿಗೆ ಇಳಿಯಲೇಬೇಡಿ, ಪಿಸ್ಟನ್ ಸುಟ್ಟೀತು. ಮಳೆಗಾಲದಲ್ಲಿ ಹಳ್ಳ ದಾಟಿ ಬಂದಾಗಲೆಲ್ಲ ಫ್ಲೋಟ್ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಸೇರಿದ ನೀರನ್ನು ಇಳಿಸಿಬಿಡಿ.