ಆ್ಯಪಲ್ ಪೈ ಮಾಡಹೊರಟ ಅವಸರದ ಕೂಸಿಗೆ

ಆ್ಯಪಲ್ ಪೈ ಕಲಿಸು ಅಜ್ಜಿ ಅಂದೆ, ಸಂತೋಷ. ಅದರ ಬೆನ್ನಿಗೇ, ಅರ್ಧ ಗಂಟೆಯಲ್ಲಿ ಆಗುತ್ತಾ ಅಂತ ಕೇಳಿದೆಯಲ್ಲ, ಅದೇ ನೋಡು ನಿನ್ನ ರೋಗ. ಬೆಳಿಗ್ಗೆ ಶುರು ಮಾಡಿದರೆ ಸಂಜೆ ತಿನ್ನುವ ತಿಂಡಿ ಇದು. ನಿನ್ನ ಕೈ ಚುರುಕು, ತಲೆಯೂ ಚುರುಕು. ಸುಮ್ಮನಿರುವುದೊಂದು ಬಾರದು.

ಮೊದಲು ಹಣ್ಣು. ಕೆಂಪಗೆ ಹೊಳೆಯುವ ರೆಡ್ ಡೆಲಿಷಿಯಸ್ ಕಂಡರೆ ನಿನ್ನ ಕೈ ಅತ್ತಲೇ ಹೋಗುತ್ತದೆ, ಗೊತ್ತು. ಬಣ್ಣಕ್ಕೆ ಮರುಳಾಗಬೇಡ, ಬೆಂದರೆ ಅದು ಮೆತ್ತಗಾಗಿ ಸಪ್ಪೆ ಹೊಡೆಯುತ್ತದೆ. ಹುಳಿಯಿರುವ ಗಟ್ಟಿ ಹಣ್ಣು ಬೇಕು. ಹಸಿರು ಗ್ರ್ಯಾನಿ ಸ್ಮಿತ್ ವರ್ಷವಿಡೀ ಸಿಗುತ್ತದೆ. 1868ರ ಸುಮಾರಿಗೆ ಆಸ್ಟ್ರೇಲಿಯಾದ ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ತಳಿಯದು. ಅಜ್ಜಿಯರನ್ನು ನಂಬು! ಅಕ್ಟೋಬರಿನಲ್ಲಿ ಹಣ್ಣು ಕೀಳಲು ತೋಟಕ್ಕೆ ಹೋಗುತ್ತೀರಲ್ಲ, ಆಗ ಫೋಟೋ ತೆಗೆಯುವುದನ್ನು ಸ್ವಲ್ಪ ನಿಲ್ಲಿಸಿ ನಾರ್ದರ್ನ್ ಸ್ಪೈ ಇದೆಯಾ ಅಂತ ಕೇಳು. ನಮ್ಮ ನ್ಯೂಯಾರ್ಕ್ ರಾಜ್ಯದ್ದೇ ಹಳೇ ತಳಿ. ನನ್ನ ಪಕ್ಕದ ಮನೆಯ ಮುದುಕಿ ಬೇರೆ ಹಣ್ಣಿನಲ್ಲಿ ಪೈ ಮಾಡುತ್ತಲೇ ಇರಲಿಲ್ಲ.

ಇನ್ನು ಹಿಟ್ಟು. ಚಪಾತಿಗೆ ನಾದಿ ನಾದಿ ಪಳಗಿದ ಕೈ ನಮ್ಮದು. ಆ ಚಾಳಿ ಇಲ್ಲಿ ಬೇಡ. ಎರಡೂವರೆ ಕಪ್ ಮೈದಾ, 225 ಗ್ರಾಂ ಬೆಣ್ಣೆ, ಒಂದು ಸಣ್ಣ ಚಮಚ ಉಪ್ಪು, ಐಸ್ ಹಾಕಿದ ನೀರು ಆರೇಳು ದೊಡ್ಡ ಚಮಚ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಲಿ. ಬೆರಳ ತುದಿಯಲ್ಲಿ ಉಜ್ಜು, ಬಟಾಣಿ ಗಾತ್ರದ ಚೂರುಗಳು ಅಲ್ಲಲ್ಲಿ ಉಳಿಯಲಿ. ಚಿರೋಟಿಯ ಪದರಗಳ ನಡುವೆ ತುಪ್ಪ-ಅಕ್ಕಿಹಿಟ್ಟಿನ ಸಾಟಿ ಹಚ್ಚುವುದು ಯಾಕೆ? ಒಂದಕ್ಕೊಂದು ಅಂಟದೆ ಬಿಡಿಸಿಕೊಳ್ಳಲಿ ಅಂತ. ಇಲ್ಲಿ ಆ ಕೆಲಸ ಈ ಬೆಣ್ಣೆ ಚೂರುಗಳದ್ದು. ಓವನ್ನಿನಲ್ಲಿ ಅವು ಕರಗುತ್ತವೆ, ಬೆಣ್ಣೆಯೊಳಗಿನ ನೀರು ಹಬೆಯಾಗಿ ಪದರಗಳನ್ನು ಎತ್ತುತ್ತದೆ. ನಾದಿದೆಯೋ, ಹಿಟ್ಟಿಗೆ ಜಿಗುಟು ಬಂದು ಪೈ ಹಲ್ಲಿಗೆ ಬಗ್ಗುವುದಿಲ್ಲ. ಉಂಡೆ ಕೂಡಿಕೊಂಡರೆ ಸಾಕು, ಎರಡು ಭಾಗ ಮಾಡಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟುಬಿಡು. ನಡುವೆ ಬಾಗಿಲು ತೆರೆದು ಇಣುಕುವವಳು ನೀನು, ಬೇಡ.

ಅಂಗಡಿಯ ರೆಡಿ ಹಿಟ್ಟು ತರಲಾ ಅನ್ನುತ್ತೀಯಾ? ತಂದರೆ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದು. ಕೆಲವದರಲ್ಲಿ ಹಂದಿಯ ಕೊಬ್ಬಿರುತ್ತದೆ. ಗೊತ್ತಾದರೆ ನಿಮ್ಮಮ್ಮ ನನ್ನನ್ನೂ ಸೇರಿಸಿ ಬೈದಾಳು.

ಒಂದೂಕಾಲು ಕಿಲೋ ಹಣ್ಣು ಸಿಪ್ಪೆ ತೆಗೆದು ಹೋಳು ಮಾಡಿ, ಮುಕ್ಕಾಲು ಕಪ್ ಸಕ್ಕರೆ, ಚಕ್ಕೆಪುಡಿ, ನಿಂಬೆರಸ ಬೆರೆಸಿ ಅರ್ಧ ಗಂಟೆ ಬಿಡು. ಹಣ್ಣು ನೀರು ಬಿಡುತ್ತದೆ. ಆ ನೀರನ್ನು ಬಸಿದು, ಕುದಿಸಿ ಮಂದ ಮಾಡಿ, ಆರಿದ ಮೇಲೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಜೊತೆ ಹಣ್ಣಿಗೇ ಸೇರಿಸು. ಇಷ್ಟು ಮಾಡದಿದ್ದರೆ ತಳ ತೊಪ್ಪೆಯಾಗುತ್ತದೆ. ಏಲಕ್ಕಿ ಹಾಕಲಾ ಅಂದರೆ, ಹಾಕು, ಯಾರಪ್ಪನ ಗಂಟು ಹೋಗುತ್ತೆ.

ಹಿಟ್ಟಿನ ಒಂದು ಭಾಗವನ್ನು ಹಾಳೆಯಂತೆ ಲಟ್ಟಿಸಿ ಪೈ ತಟ್ಟೆಗೆ ಹಾಸು, ಹಣ್ಣು ತುಂಬು, ಇನ್ನೊಂದು ಭಾಗ ಲಟ್ಟಿಸಿ ಮೇಲೆ ಮುಚ್ಚಿ ಅಂಚು ಒತ್ತು. ಮೇಲಿನ ಹಾಳೆಗೆ ಸೀಳು ಬಿಟ್ಟು ಹಾಲು ಸವರು. ಓವನ್ನಿನ ಕೆಳಗಿನ ಅಂತಸ್ತಿನಲ್ಲಿ 425 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 20 ನಿಮಿಷ, ಆಮೇಲೆ 375ಕ್ಕೆ ಇಳಿಸಿ ಇನ್ನೊಂದು ಮುಕ್ಕಾಲು ಗಂಟೆ. ಬಣ್ಣ ಬಂತು ಅಂತ ಹಾರಿಬೀಳಬೇಡ. ಸೀಳುಗಳಲ್ಲಿ ರಸ ಮಂದವಾಗಿ ಗುಳಗುಳ ಕುದಿಯುವುದು ಕಾಣಬೇಕು. ಅಂಚು ಸೀಯುವಂತಿದ್ದರೆ ಫಾಯಿಲ್ ಹೊದಿಸು.

ಹೊರಗೆ ತೆಗೆದಾಗ ಮನೆಯೆಲ್ಲ ಘಮ್ಮೆನ್ನುತ್ತಿರುತ್ತದೆ, ನಿನ್ನ ಸ್ನೇಹಿತರು ಚಾಕು ಹಿಡಿದು ನಿಂತಿರುತ್ತಾರೆ. ಜಪ್ಪಯ್ಯ ಅಂದರೂ ಮೂರು ಗಂಟೆ ಕೊಯ್ಯಬೇಡ. ಬಿಸಿಯಲ್ಲಿ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ, ಆರಿದರೇನೇ ಅದು ಕಟ್ಟುವುದು. ಅಲ್ಲಿಯವರೆಗೆ ಆ ಹುಡುಗರ ಕೈಲಿ ಪಾತ್ರೆ ತೊಳೆಸು.

ಎಷ್ಟೇ ಜೋಪಾನ ಮಾಡಿದರೂ ಮೊದಲ ತುಂಡು ಮುರಿದೇ ಬರುತ್ತದೆ. ಅದನ್ನು ಯಾರಿಗೂ ತೋರಿಸದೆ ಅಡುಗೆಮನೆಯಲ್ಲೇ ನಿಂತು ತಿಂದುಬಿಡು, ಎರಡನೆಯದರಿಂದ ಬಡಿಸು.